ಶಾಲೆಯ ಮಾಡಿನ ಫಲಕಗಳೂ ರಾಯ್ನಕ್ಕನೂ

ಏನು ಕಂಡರೂ ಮೂಗು ಮುರಿಯುವವಳು ಎಂದು ಊರಿನವರು ರಾಯ್ನಕ್ಕನನ್ನು ಆಡಿಕೊಳ್ಳುತ್ತಿದ್ದರು. ಕಾರಣ ಬಲ್ಲವಳು ನಾನೊಬ್ಬಳೇ. ಬಾಲ್ಕನ್ ಬೆಟ್ಟದ ಬುಡದ ಅರೆವಾಹಕ ಕಾರ್ಖಾನೆಯಲ್ಲಿ ನಾವಿಬ್ಬರೂ ಇಪ್ಪತ್ತು ವರ್ಷ ಸಿಲಿಕಾನ್ ಬಿಲ್ಲೆಗಳನ್ನು ಪರೀಕ್ಷಿಸಿದವರು. ತಿಂಗಳ ಗುರಿ ಮುಟ್ಟದಿದ್ದರೆ ಮೇಲ್ವಿಚಾರಕ ಕಣ್ಸನ್ನೆ ಮಾಡುತ್ತಿದ್ದ. ಕೆಟ್ಟ ಬಿಲ್ಲೆಗಳಿಗೂ ಅವಳು ‘ಸರಿ’ ಎಂದು ಸಹಿ ಹಾಕುತ್ತಿದ್ದಳು. ಅಂಥ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

ಕಾರ್ಖಾನೆ ಮುಚ್ಚಿದ ಮೇಲೆ ಅವಳು ಪುರಸಭೆಯ ವಿದ್ಯುತ್ ತಪಾಸಣೆಗೆ ಸೇರಿದಳು, ನಾನು ಶಾಲೆಯ ಅಡುಗೆಮನೆಗೆ. ಅವಳ ನಿವೃತ್ತಿಗೆ ಒಂದು ವರ್ಷವಿರುವಾಗ ಶಾಲೆಯ ಮಾಡಿಗೆ ಸೋಲಾರ್ ಫಲಕಗಳು ಬಂದವು. ತಂದವನು ಮೇಯರ್ ಕಾಮೆನ್‌ನ ಭಾವಮೈದುನ ಸ್ವೆಟ್ಲಿನ್. ಉದ್ಘಾಟನೆಯ ಹಿಂದಿನ ದಿನ, ನಡುಮಧ್ಯಾಹ್ನ, ರಾಯ್ನಕ್ಕ ಮೀಟರ್ ಹಿಡಿದು ಏಣಿ ಹತ್ತಿದಳು. ಕೆಳಗೆ ಏಣಿ ಹಿಡಿದವಳು ನಾನು; ಮೇಯರ್ ಮತ್ತು ಸ್ವೆಟ್ಲಿನ್ ಪಕ್ಕದಲ್ಲೇ ಕಾಯುತ್ತಿದ್ದರು.

ಇಳಿದವಳೇ, ಬಾಯಿಗೆ ಹುಳು ಬಿದ್ದವಳಂತೆ ಉಗುಳಿದಳು. “ಯಾರೋ ಬಿಸಾಕಿದ ಹಳೇ ಸಾಮಾನು. ಹೊಸ ಚೌಕಟ್ಟು ಹಾಕಿದಾನೆ, ಒಳಗೆಲ್ಲ ಬಿರುಕು.”

ಸ್ವೆಟ್ಲಿನ್ ನಕ್ಕ. “ಬಿಸಿಲು ಬಿದ್ರೆ ಕರೆಂಟು ಬರುತ್ತೆ ಕಣಕ್ಕ. ಕಾದಷ್ಟೂ ಒಳ್ಳೇದು.”

“ಬಾಯ್ಮುಚ್ಚು. ಕಾದ್ರೆ ಕಮ್ಮಿನೇ ಆಗೋದು. ಬೆಳಕು ಬಿದ್ದಾಗ ಎಲೆಕ್ಟ್ರಾನು ಕೂತ ಜಾಗ ಬಿಟ್ಟು ಏಳುತ್ತೆ. ಆ ಖಾಲಿ ಜಾಗಕ್ಕೇ ರಂಧ್ರ ಅನ್ನೋದು. ಪಕ್ಕದ ಎಲೆಕ್ಟ್ರಾನು ಅಲ್ಲಿಗೆ ಬಂದ್ರೆ ರಂಧ್ರ ಆಚೆ ಸರಿಯುತ್ತೆ. ಎರಡು ಪದರ ಕೂಡೋ ಗಡೀಲಿ ಎಲೆಕ್ಟ್ರಾನನ್ನ ಒಂದು ಕಡೆ, ರಂಧ್ರಾನ ಇನ್ನೊಂದು ಕಡೆ ತಳ್ಳೋ ಬಲ ಇದೆ. ಎಲೆಕ್ಟ್ರಾನು ತಂತೀಲಿ ಸುತ್ತಿ, ದೀಪ ಉರಿಸಿ, ಆಮೇಲೆ ಹೋಗಿ ರಂಧ್ರ ತುಂಬಬೇಕು. ಅದೇ ಕರೆಂಟು. ಬಿರುಕಲ್ಲಿ ಸಿಕ್ಕಿದ್ರೆ ಎರಡೂ ಅಲ್ಲೇ ಸೇರ್ಕೊಂಡು ಬರೀ ಬಿಸಿಯಾಗಿ ಹೋಗ್ತವೆ. ನಿನ್ನ ಫಲಕದಲ್ಲಿ ಆಗ್ತಿರೋದು ಅದು.”

ಮೇಯರ್ ತಪಾಸಣೆಯ ಒಪ್ಪಿಗೆ ಕಾಗದ ಚಾಚಿದ. “ಒಂದು ಸಹಿ ತಾನೇ ರಾಯ್ನಕ್ಕ. ಇಂಥವು ನೀವೆಷ್ಟು ಹಾಕಿಲ್ಲ?”

ಕಣ್ಸನ್ನೆಯ ಆ ಮೇಲ್ವಿಚಾರಕ ಇವನ ತಂದೆ.

“ಹಾಕಿದೀನಿ. ನಿಮ್ಮಪ್ಪ ಹಾಕಿಸಿದ. ಈ ಕೈ ನೋಡಿದ್ರೆ ಈಗ್ಲೂ ವಾಕರಿಕೆ ಬರುತ್ತೆ,” ಎಂದವಳು ಕಾಗದದ ತುಂಬ ಅಳತೆಯ ಅಂಕಿಗಳನ್ನು ದಪ್ಪಗೆ ಬರೆದು, ಕೆಳಗೆ ‘ಕೆಲಸಕ್ಕೆ ಬಾರದ್ದು’ ಎಂದು ಸೇರಿಸಿ ಶಾಲೆಯ ಬಾಗಿಲಿಗೆ ಅಂಟಿಸಿದಳು.

ಸಂಜೆಯೊಳಗೆ ಅದನ್ನು ಯಾರೋ ಕಿತ್ತರು. ಬೇರೆ ಊರಿನ ತಪಾಸಣೆಗಾರ ಸಹಿ ಹಾಕಿದ. ಮರುದಿನ ವಾದ್ಯ ಬಾರಿಸಿ, ಚೀಸ್ ತುಂಬಿದ ಬನಿತ್ಸಾ ಹಂಚಿದರು. ತನಗೆ ಕಳಿಸಿದ ತುಂಡನ್ನು ರಾಯ್ನಕ್ಕ ನಾಯಿಗೆ ಹಾಕಿದಳು.

ಚಳಿಗಾಲದಲ್ಲಿ ಫಲಕಗಳ ಕರೆಂಟು ಹೀಟರುಗಳಿಗೆ ಸಾಲದೆ ತರಗತಿಗಳು ಕೊರೆಯತೊಡಗಿದಾಗ ತಾಯಂದಿರು ಅವಳ ಮನೆಗೆ ಬಂದು ಆ ಅಂಕಿಗಳನ್ನು ಕೇಳಿದರು. ತಾನು ಬರೆದಿಟ್ಟುಕೊಂಡಿದ್ದ ಇನ್ನೊಂದು ಪ್ರತಿ ಕೊಟ್ಟಳು, ಒಳಗೆ ಕರೆಯಲಿಲ್ಲ. “ಬಾಗಿಲಿಗೆ ಅಂಟಿಸಿದಾಗ ಎಲ್ರೂ ಓದಿದ್ರಿ,” ಎಂದಳು. ವಸಂತದಲ್ಲಿ ಫಲಕಗಳನ್ನು ಇಳಿಸಿದರು.