ಹಿಂದಿನ ರೂಮಿನ ಕುಬಸ

ತಾಂಡೂರಿನ ನಮ್ಮ ಮನೆಯ ಹಿಂದಿನ ರೂಮಿಗೆ ಬಿಹಾರದ ಗಂಡ-ಹೆಂಡತಿ ಬಾಡಿಗೆಗೆ ಬಂದು ಆಗ ಒಂದು ವರ್ಷವಾಗಿತ್ತು. ಗಂಡ ಕಲ್ಲು ಪಾಲಿಶ್ ಮಾಡುವ ಯೂನಿಟ್ಟಿನಲ್ಲಿ ಕೆಲಸಕ್ಕಿದ್ದ. ಸಂಜೆ ಮನೆಗೆ ಬಂದರೆ ರೆಪ್ಪೆಯ ಮೇಲೂ ಬೂದು ಪುಡಿ. ಹೆಂಡತಿ ಏಳು ತಿಂಗಳ ಬಸುರಿ, ಇನ್ನೂ ಸಣ್ಣ ಪ್ರಾಯ. ನನ್ನನ್ನು ಆಂಟಿ ಎನ್ನುತ್ತಿದ್ದಳು. ವಯಸ್ಸಿಗೆ ಅಜ್ಜಿ ಎನ್ನಬೇಕಿತ್ತು, ಆದರೆ ಐ ಡಿಡ್ ನಾಟ್ ಮೈಂಡ್.

ಭಾನುವಾರ ಗಂಡನ ಜೊತೆಗಾರರು ಟೆರೇಸಿನ ಮೇಲೆ ಸೇರಿ ಫೋನಿನಲ್ಲಿ ಹಾಡು ಹಾಕುತ್ತಿದ್ದರು. ಓಣಿಗೆ ಅದೇ ತಕರಾರು. ಕೊಡಂಗಲ್ ಕಡೆಯಿಂದ ಸೊಸೆಯಾಗಿ ಬಂದು ಈಗ ಓಣಿಗೇ ಯಜಮಾನಿಯಾಗಿರುವ ಪಕ್ಕದ ಮನೆಯಾಕೆ ಒಂದು ಬೆಳಿಗ್ಗೆ ನಮ್ಮ ಕಟ್ಟೆಯ ಮೇಲೆ ಕೂತು ಕೇಳಿಯೇ ಬಿಟ್ಟಳು.

"ಟೀಚರಮ್ಮಾ, ಓಣಿ ನಮ್ದೋ ಅವರ್ದೋ? ರೂಮ್ ಖಾಲಿ ಮಾಡಿಸ್ರಿ. ನಮ್ಮ ಮಂದೀಗೆ ಕೊಡ್ರಿ."

"ಹೆರಿಗೆ ಆಗ್ಲಿ, ಆಮ್ಯಾಲ ಬಿಡಸೂಣು."

ಹೀಗೆ ಅಂದವಳು ನಾನು. ಇಲ್ಲ ಎನ್ನಲು ಧೈರ್ಯ ಸಾಲದಾಗ ಪೊಲೈಟ್ ಆಗಿ ಮುಂದೂಡುವುದು ಕಾನ್ವೆಂಟಿನಿಂದ ಬಂದ ರೂಢಿ. ಹುಡುಗಿ ಅಲ್ಲೇ ನಳದ ಹತ್ತಿರ ಪಾತ್ರೆ ತಿಕ್ಕುತ್ತಿದ್ದಳು. ನನ್ನ ಜೊತೆ ಯಾವಾಗಲೂ ಹಿಂದಿ ಮಾತಾಡುವವಳು, ಇವಳಿಗೆ ಕನ್ನಡ ಎಲ್ಲಿ ತಿಳಿದೀತು ಅಂದುಕೊಂಡೆ.

ಇದೇ ಮನೆಯ ಅಡ್ರೆಸ್ಸಿನಲ್ಲಿ ನನ್ನ ಕಣ್ಣೆದುರೇ ರಾಜ್ಯದ ಹೆಸರು ಎರಡು ಸಲ ಬದಲಾಗಿದೆ. ಒಳಗೆ ಕನ್ನಡ, ಅಂಗಡಿಯಲ್ಲಿ ತೆಲುಗು, ಆಟೋದವನ ಜೊತೆ ದಖ್ಖನಿ. ಹೈದರಾಬಾದಿನ ಬೋರ್ಡಿಂಗಿನಿಂದ ಇಂಗ್ಲಿಷ್ ಕಲಿತು ಮರಳಿದಾಗ ಇದೇ ಓಣಿ ನನ್ನನ್ನು 'ದೊರೆಸಾನಿ ಬಂದಳು' ಎಂದು ಆಡಿಕೊಂಡಿತ್ತು. ಆಗ ಗೋಡೆಗೆ ಮುಖ ಮಾಡಿ ಅತ್ತಿದ್ದೆ. ಆ ದಿನ ಕಟ್ಟೆಯ ಮೇಲೆ ಅದೊಂದೂ ನೆನಪಿಗೆ ಬರಲಿಲ್ಲ.

ಮರುವಾರ ಪಕ್ಕದ ಮನೆಯಾಕೆ ಸೀಮಂತಕ್ಕೆ ಉಡಿಸುವಂಥ ಹಸಿರು ಸೀರೆಯೊಂದನ್ನು ಹಿಡಿದುಕೊಂಡು ಬಂದಳು.

"ಆ ಪೋರೀಗೆ ಕುಬಸ ಯಾರ ಮಾಡ್ತಾರ್ರಿ? ತವರು ಅಷ್ಟು ದೂರ."

"ಅಲ್ಲಬೇ, ಖಾಲಿ ಮಾಡಿಸ್ರಿ ಅಂದಾಕಿ ನೀನ!"

"ರೂಮಿನ ಮಾತು ಬ್ಯಾರೆರಿ, ಬಸುರಿ ಮಾತು ಬ್ಯಾರೆ."

ನಮ್ಮ ಓಣಿಯಲ್ಲಿ ಇದಕ್ಕೆಲ್ಲ ಲಾಜಿಕ್ ಕೇಳಬಾರದು.

ಶುಕ್ರವಾರ ಹುಡುಗಿಯನ್ನು ಕರೆದು ಮಣೆಯ ಮೇಲೆ ಕೂರಿಸಿದೆವು. ಸರ್‌ಪ್ರೈಸ್ ಇರಲಿ ಎಂದು ನಾನು ಮೊದಲೇ ಏನೂ ಹೇಳಿರಲಿಲ್ಲ. ಸೀರೆ ಉಡಿಸಿ ಹಸಿರು ಬಳೆ ತೊಡಿಸುವವರೆಗೂ ಅವಳು ನಗುತ್ತಲೇ ಇದ್ದಳು. ವಿಧವೆಯಾದ ನಾನು ಉಡಿ ತುಂಬುವಂತಿಲ್ಲ. ಪಕ್ಕದ ಮನೆಯಾಕೆಯೇ ಅವಳ ಸೆರಗು ಹಿಡಿಸಿ ಅಕ್ಕಿ, ಅರಿಶಿನದ ಕೊಂಬು ಹಾಕಿದಳು. ಹುಡುಗಿಯ ಮುಖ ಬಿಳಿಚಿಕೊಂಡಿತು. ಒಂದು ಕಾಳೂ ಚೆಲ್ಲದಂತೆ ಎರಡೂ ಕೈಯಲ್ಲಿ ಸೆರಗು ಹಿಡಿದುಕೊಂಡೇ ಅಳತೊಡಗಿದಳು.

"ಯಾಕ ಅಳ್ತಿ? ಬಳಿ ಬಿಗಿ ಆದುವೇನು?" ಎಂದಳು ಪಕ್ಕದ ಮನೆಯಾಕೆ.

ಅವಳು ನನ್ನ ಕಡೆ ತಿರುಗಿದಳು. ಬಂದದ್ದು ನಮ್ಮ ಓಣಿಯದೇ ಕನ್ನಡ.

"ಹೆರಿಗೆ ಆಮ್ಯಾಲ ಅಂದಿದ್ರಿ ಆಂಟಿ. ಈಗೇ ಕಳಸ್ತೀರೇನ್ರಿ?"

ಬಿಕ್ಕುತ್ತ ಉಳಿದದ್ದನ್ನು ಹಿಂದಿಯಲ್ಲಿ ಹೇಳಿದಳು. ಅವರ ಕಡೆ ಹೆಣ್ಣುಮಗಳು ಮನೆಯಿಂದ ಹೊರಡುವಾಗ ಸೆರಗಿಗೆ ಅಕ್ಕಿ, ಅರಿಶಿನ ಹಾಕಿ ಬೀಳ್ಕೊಡುತ್ತಾರಂತೆ. ಹೋದ ಮನೆಯಲ್ಲಿ ಆ ಅಕ್ಕಿಯನ್ನು ಬೇಯಿಸಬೇಕಂತೆ.

"ಅಯ್ಯ ಹುಚ್ಚಿ, ಇದು ಕಳಸೂದಲ್ಲ," ಎಂದು ಪಕ್ಕದ ಮನೆಯಾಕೆ ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು. ಇಬ್ಬರೂ ನನ್ನ ಮುಖ ನೋಡಿದರು. ರೂಮು ನನ್ನದು, ಉತ್ತರವೂ ನನ್ನಿಂದಲೇ ಬರಬೇಕಿತ್ತು. ಇದೆಲ್ಲ ಮಿಸ್‌ಅಂಡರ್‌ಸ್ಟ್ಯಾಂಡಿಂಗ್ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಅವಳು ಅಕ್ಕಿಯ ವಿಷಯದಲ್ಲಷ್ಟೇ ತಪ್ಪು ತಿಳಿದಿದ್ದಳು. ನನ್ನನ್ನು ಸರಿಯಾಗಿಯೇ ತಿಳಿದಿದ್ದಳು.

"ಅವತ್ತು ನಾ ಅಂದಿದ್ದು ತಪ್ಪು," ಎಂದೆ. "ಕೂಸು ಇಲ್ಲೇ ಬೆಳೀಲಿ. ನೀವು ಇರೂ ತನಕ ಆ ರೂಮ್ ನಿಮ್ದ."

ಪಕ್ಕದ ಮನೆಯಾಕೆ ಬಾಳೆಹಣ್ಣನ್ನು ಸೆರಗಿಗೆ ಹಾಕುತ್ತ, "ಹಾಡಿನ ಸೌಂಡ್ ಅಷ್ಟು ಕಮ್ಮಿ ಮಾಡಸವ್ವ," ಎಂದಳು.

ಹುಡುಗಿಗೆ ಕಣ್ಣೊರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ನಾನೇ ಒರೆಸಿದೆ.

"ಹಂಗಾದ್ರ ಈ ಅಕ್ಕಿ ಎಲ್ಲಿ ಕುದಸ್ಲಿ ಆಂಟಿ?"

"ಎಲ್ಲಿ ಅಂದ್ರ? ನಿನ್ನ ಒಲಿ ಮ್ಯಾಲ."

ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು, ಹಿತ್ತಲ ಬಾಗಿಲು ದಾಟಿ, ಹತ್ತು ಹೆಜ್ಜೆ ನಡೆದು ಅವಳು ತನ್ನ ರೂಮಿಗೆ ಹೋದಳು.