ಕಚೇರಿಗೆ ಕುಂಕುಮ

ಸರ್ಕಾರಿ ಕಚೇರಿಗೆ ಶುಕ್ರವಾರ ಶುಕ್ರವಾರ ಕುಂಕುಮ ಹಚ್ಚಿ ಮಂಗಳಾರತಿ ಎತ್ತುವ ಮನೆ ಇಡೀ ವಿಜಯವಾಡದಲ್ಲಿ ಒಂದೇ ಇದ್ದಿರಬೇಕು. ಅದಕ್ಕೆ ಕಾರಣ ಸುಮಿತ್ರಾಳ ನಾಚಿಕೆ.

ಚಿತ್ರದುರ್ಗದ ಕಡೆಯ ಈ ಹುಡುಗಿ 1983ರಲ್ಲಿ ಅಲ್ಲಿನ ಒನ್ ಟೌನ್ ಪೇಟೆಯ ತೆಲುಗು ಮನೆಗೆ ಸೊಸೆಯಾಗಿ ಬಂದಳು. ಅವಳಪ್ಪ ಊರಿನ ತಾಲ್ಲೂಕು ಕಚೇರಿಯಲ್ಲಿ ಡವಾಲಿ ಜವಾನ. ಕಚೇರಿ ಕಟ್ಟಡಕ್ಕೆ ನೂರು ತುಂಬಿದಾಗ ಅದರ ಚಿತ್ರವಿದ್ದ ಬೆಳ್ಳಿ ನಾಣ್ಯ ಮಾಡಿಸಿ ಸಿಬ್ಬಂದಿಗೆಲ್ಲ ಹಂಚಿದ್ದರು. ತನ್ನ ಪಾಲಿನದನ್ನು ಅಪ್ಪ ಮಗಳ ಮಡಿಲಿಗೆ ಹಾಕಿ, "ಬಾಗ್ಲ ಪಕ್ಕ ಕಂಬ ಐತಲ್ಲ, ನಾನು ನಿಲ್ಲೋದು ಅಲ್ಲೇ. ನನ್ನ ನೋಡ್ಬೇಕು ಅನ್ಸಿದ್ರೆ ಇದನ್ನ ನೋಡ್ಕೊಳವ್ವ" ಎಂದಿದ್ದ.

ಅತ್ತೆ ಸೂರ್ಯಕಾಂತಮ್ಮ ನಾಣ್ಯದಲ್ಲಿದ್ದ ಕಂಬ, ಗುಮ್ಮಟ, ಮೆಟ್ಟಿಲು ನೋಡಿ, "ಏ ಗುಡಿ ಅಮ್ಮಾ ಇದಿ?" ಎಂದು, ಇದು ಯಾವ ಗುಡಿಯೆಂದು ಕೇಳುತ್ತಲೇ ಕೈಮುಗಿದುಬಿಟ್ಟರು. ಮುಗಿದ ಕೈ ಬಿಡಿಸುವಷ್ಟು ತೆಲುಗು ಹೊಸ ಸೊಸೆಗೆಲ್ಲಿತ್ತು? ಸುಮ್ಮನೆ ತಲೆಯಾಡಿಸಿದಳು. ನಾಣ್ಯ ದೇವರ ಪೀಠ ಏರಿತು. ತೆಲುಗು ಕಲಿತ ಮೇಲೆ ನಿಜ ಹೇಳಲು ನಾಚಿಕೆ ಅಡ್ಡ ಬಂತು.

ಆಮೇಲೆ ಕೇಳಬೇಕೆ! ವಾರವಾರವೂ ಅತ್ತೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ್ದೇ ತಿಕ್ಕಿದ್ದು. ಗಂಡ ದುರ್ಗಾಪ್ರಸಾದ್ ಅಂಗಡಿಗೆ ಹೊರಡುವಾಗ ತಾಲ್ಲೂಕು ಕಚೇರಿಗೊಂದು ನಮಸ್ಕಾರ. ಸುಮಿತ್ರಾ ಮಾತ್ರ ಊರು ನೆನಪಾದಾಗಲೆಲ್ಲ ಹೂವು ಸರಿಸಿ ಆ ಕಂಬ ನೋಡುತ್ತಿದ್ದಳು. ಊರು ದಿನವೂ ನೆನಪಾಗುತ್ತಿತ್ತು. ಮಕ್ಕಳೂ ತೆಲುಗಿನವರೇ ಆದ ಮೇಲೆ ಅವಳು ಕನ್ನಡದಲ್ಲಿ ಮಾತಾಡುತ್ತಿದ್ದದ್ದು ಆ ಕಂಬದ ಜೊತೆಗೆ ಮಾತ್ರ. ಅದು ಸವೆಯುತ್ತಿದ್ದದ್ದು ಅವಳಿಗೆ ತಿಳಿಯಲೇ ಇಲ್ಲ. ಕಣ್ಣಿಗೆ ಕಾಣದ್ದನ್ನು ಮನಸ್ಸು ತುಂಬಿಕೊಡುತ್ತಿತ್ತು.

1994ರಲ್ಲಿ ಅಪ್ಪ ತೀರಿಕೊಂಡ. ಊರಿಗೆ ಹೋದರೆ ಕಚೇರಿಯೂ ಇಲ್ಲ, ಹೊಸದು ಕಟ್ಟಲು ಕೆಡವಿದ್ದರು. ವಾಪಸು ಬಂದವಳೇ ನಾಣ್ಯ ತೊಳೆದು ಕಿಟಕಿಯ ಬೆಳಕಿಗೆ ಹಿಡಿದಳು. ಕಂಬವಿಲ್ಲ, ಬಾಗಿಲಿಲ್ಲ, ಬರೀ ನುಣ್ಣನೆ ಬೆಳ್ಳಿ. ಸುಮಿತ್ರಾ ಗೊಳೋ ಎಂದು ಅತ್ತುಬಿಟ್ಟಳು.

ಅತ್ತೆ ಗಾಬರಿಯಿಂದ ಓಡಿಬಂದರು. "ಅದು ಗುಡಿ ಅಲ್ಲ, ಅತ್ತಯ್ಯಗಾರೂ" ಎಂದು ಬಿಕ್ಕುತ್ತಲೇ ತೆಲುಗಿನಲ್ಲಿ ಎಲ್ಲ ಹೇಳಿದಳು. ಅದು ಕಚೇರಿ, ಅಪ್ಪ ಅದರ ಬಾಗಿಲಲ್ಲಿ ನಿಂತು ಬಂದುಹೋದವರಿಗೆಲ್ಲ ಸಲಾಂ ಹೊಡೆದೇ ಆಯುಸ್ಸು ಕಳೆದ ಎಂದಳು.

ಸೂರ್ಯಕಾಂತಮ್ಮ ನಾಣ್ಯವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. "ಹಾಗಾದ್ರೆ ಇಷ್ಟು ವರ್ಷ ನಾನು ಕೈಮುಗಿದಿದ್ದು ಯಾರಿಗಮ್ಮಾ?"

"ನಮ್ಮಪ್ಪನಿಗೆ." ಅಷ್ಟು ಮಾತ್ರ ಕನ್ನಡದಲ್ಲೇ ಬಂತು.

ಮುಂದಿನ ಶುಕ್ರವಾರ ಅತ್ತೆ ಹುಣಸೆಹಣ್ಣು ಮುಟ್ಟಲಿಲ್ಲ. ಒಣಬಟ್ಟೆಯಲ್ಲಿ ನಾಣ್ಯ ಒರೆಸಿ, ಪೀಠದ ಮೇಲಿಟ್ಟು, ಎಂದಿನಂತೆ ಕೈಮುಗಿದರು. ಅಪ್ಪನಿಗೆಂದೇ ಒಬ್ಬರು ಕೈಮುಗಿದದ್ದನ್ನು ಸುಮಿತ್ರಾ ಕಂಡದ್ದು ಅದೇ ಮೊದಲು. ನೋಡಲು ಅಪ್ಪ ಇರಬೇಕಿತ್ತು.