ಓದಿಸುವ ಅಮ್ಮನಾಗಿ ಕಳೆದ ಚಳಿಗಾಲ

ನಾವು ಜರ್ಮನಿಯ ಹರ್ಟ್ಸೋಗೆನಾವ್‌ರಾಕ್ ಎಂಬ ಸಣ್ಣ ಊರಿಗೆ ಬಂದದ್ದು, ಅಲ್ಲಿನ ಸರ್ಕಾರ ಹೊರದೇಶದ ಸಾಫ್ಟ್‌ವೇರ್‌ನವರಿಗೆ ಗ್ರೀನ್ ಕಾರ್ಡ್ ಕೊಡಲು ಶುರು ಮಾಡಿದ ಹೊಸತರಲ್ಲಿ. ನನ್ನ ಗಂಡನಿಗೆ ಅಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿತ್ತು. ಮೈಸೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದ ನನಗೆ ಕೆಲಸ ಮಾಡುವ ಅನುಮತಿ ಇನ್ನೂ ಬಂದಿರಲಿಲ್ಲ. ಬೆಳಿಗ್ಗೆ ಅವರು ಆಫೀಸಿಗೆ, ಮಗಳು ಎರಡನೇ ಕ್ಲಾಸಿಗೆ ಹೋದರೆಂದರೆ ಮನೆಯಲ್ಲಿ ನಾನೊಬ್ಬಳೇ. ಸಂಜೆ ಜರ್ಮನ್ ಕಲಿಯಲು ಹೋಗುತ್ತಿದ್ದೆ. ಬೇಕರಿಯಲ್ಲಿ ಬೇಕಾದ್ದನ್ನು ಕೇಳುವಷ್ಟು ಭಾಷೆ ಬಂದಿತ್ತು. ಅಂಗಡಿಯವಳು ತಿರುಗಿ ಏನಾದರೂ ಕೇಳಿದರೆ ಗಾಬರಿಯಾಗುತ್ತಿತ್ತು.

ಶಾಲೆಯ ಪೋಷಕರ ಸಭೆಯಲ್ಲಿ ‘ಲೇಜೆಮುಟ್ಟರ್’ ಬೇಕಾಗಿದ್ದಾರೆ ಎಂದರು. ಓದು, ತಾಯಿ ಎಂಬ ಎರಡು ಪದ ಅರ್ಥವಾಯಿತು. ಅಷ್ಟು ಸಾಕೆಂದು ಕೈ ಎತ್ತಿದೆ. ವಾರಕ್ಕೊಂದು ಬೆಳಿಗ್ಗೆ ಶಾಲೆಗೆ ಹೋಗಿ, ಮಕ್ಕಳನ್ನು ಒಬ್ಬೊಬ್ಬರಾಗಿ ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿಸುವ ಕೆಲಸ ಅದು. ನನ್ನ ಮಗಳ ಕ್ಲಾಸಿಗಲ್ಲ, ಪಕ್ಕದ ಕ್ಲಾಸಿಗೆ ಹಾಕಿದರು. ಸ್ವಂತ ಮಗುವಿದ್ದ ಕಡೆ ತಾಯಿಯ ಕಣ್ಣು ಅಲ್ಲೇ ಇರುತ್ತದೆ ಎಂದು ನಕ್ಕರು ಆ ಕ್ಲಾಸಿನ ಟೀಚರ್. ಐವತ್ತು ದಾಟಿದ, ಗಿಡ್ಡ ಕೂದಲಿನ, ನಿಧಾನವಾಗಿ ಮಾತಾಡುವ ಹೆಂಗಸು. ನನಗೆ ಅರ್ಥವಾಗಲಿ ಎಂದೇ ಅಷ್ಟು ನಿಧಾನ ಎಂದು ಆಮೇಲೆ ಗೊತ್ತಾಯಿತು.

ಮೊದಲ ದಿನ ಅವರು ಕಾರಿಡಾರಿನಲ್ಲಿ ಕೋಟುಗಳನ್ನು ನೇತುಹಾಕುವ ಸಾಲಿನ ಕೆಳಗೆ ಎರಡು ಕುರ್ಚಿ ಹಾಕಿಕೊಟ್ಟರು. ಕ್ಲಾಸಿನ ಬಾಗಿಲು ತೆರೆದೇ ಇತ್ತು. ಎದುರಿಗೊಂದು ಖಾಲಿ ಕೋಣೆ, ಅದರಲ್ಲಿ ಹೀಟರ್ ಬೆಚ್ಚಗೆ ಉರಿಯುತ್ತಿತ್ತು.

“ಅಲ್ಲಿ ಕೂರಬಹುದಾ? ಇಲ್ಲಿ ಚಳಿ” ಎಂದೆ.

“ಬೇಡ. ಮಗುವಿನ ಜೊತೆ ಒಬ್ಬರೇ ಇರುವಾಗ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಕೂತಿರಿ. ಮಗುವಿಗೂ ಒಳ್ಳೆಯದು, ನಿಮಗೂ ಒಳ್ಳೆಯದು. ಶಾಲು ತನ್ನಿ” ಎಂದರು.

ಒಂದು ಕ್ಷಣ ಮನಸ್ಸಿಗೆ ಚುಚ್ಚಿತು. ಎಂಟು ವರ್ಷ ಮೇಷ್ಟ್ರಮ್ಮ ಆಗಿದ್ದವಳು ನಾನು. ನನ್ನ ಮೇಲೆ ಅನುಮಾನವೇ? ಆದರೆ ಅವರ ಮುಖದಲ್ಲಿ ಅಂಥದ್ದೇನೂ ಇರಲಿಲ್ಲ. ರಸ್ತೆ ದಾಟುವಾಗ ಎರಡೂ ಕಡೆ ನೋಡಿ ಎಂದು ಹೇಳುವಷ್ಟು ಸಹಜವಾಗಿ ಹೇಳಿದ್ದರು. ಹಾಗೇ ಉಳಿದದ್ದನ್ನೂ ಹೇಳಿದರು. ತಿಂಡಿ ಕೊಡುವ ಮೊದಲು ತಮ್ಮನ್ನು ಕೇಳಬೇಕು, ಕೆಲವರಿಗೆ ಗೋಡಂಬಿ, ಕಡಲೆಕಾಯಿ ಆಗುವುದಿಲ್ಲ. ಯಾರು ತೊದಲುತ್ತಾರೆ, ಯಾರಿಗೆ ಓದಲು ಬರುವುದಿಲ್ಲ ಎಂಬುದು ಶಾಲೆಯ ಗೇಟು ದಾಟಬಾರದು. ಕೊನೆಯಲ್ಲಿ ನಿಂತು, ಬೆರಳೆತ್ತಿ, “ಯಾವ ಮಗುವಾದರೂ ಯಾರಿಗೂ ಹೇಳಬೇಡ ಅಂದರೆ, ಆಗಲಿ ಅಂತ ಮಾತು ಕೊಡಬೇಡಿ. ಆ ಮಾತು ಉಳಿಸಿಕೊಳ್ಳಲು ನಿಮಗೆ ಆಗದೆ ಹೋಗಬಹುದು” ಎಂದರು.

ಮಕ್ಕಳು ನನ್ನನ್ನು ಬೇಗ ಒಪ್ಪಿಕೊಂಡರು. ಅದಕ್ಕೆ ಮುಖ್ಯ ಕಾರಣ ನನ್ನ ಉಚ್ಚಾರಣೆ. ತಮಗಿಂತ ಕೆಟ್ಟದಾಗಿ ಓದುವ ದೊಡ್ಡವರನ್ನು ಅವರು ಎಲ್ಲೂ ನೋಡಿರಲಿಲ್ಲ. “ತುಟಿ ಹೀಗೆ ಮುಂದಕ್ಕೆ ಮಾಡು” ಎಂದು ಒಬ್ಬ ಹುಡುಗ ತನ್ನ ತುಟಿ ಚೂಪು ಮಾಡಿ ತೋರಿಸುತ್ತಿದ್ದ. ನಾನು ಮಾಡಿದರೆ ಬಿದ್ದು ಬಿದ್ದು ನಗುತ್ತಿದ್ದ. ಊರಿನ ಅಭ್ಯಾಸದಂತೆ ಅವನ ಗಲ್ಲ ಹಿಂಡಲು ಕೈ ಎತ್ತಿದಾಗ ಅವನು ಹಿಂದೆ ಸರಿದ. ಅಂದಿನಿಂದ ಮೆಚ್ಚುಗೆಯನ್ನು ಬಾಯಲ್ಲೇ ಹೇಳತೊಡಗಿದೆ.

ಆ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದಳು. ಪುಟ ತಿರುವುವ ಮೊದಲೇ ಮುಂದೇನಾಗಬಹುದೆಂದು ಊಹಿಸಿ ಹೇಳುತ್ತಿದ್ದಳು. ಕ್ರಿಸ್‌ಮಸ್ ರಜೆ ಮುಗಿಸಿ ಬಂದಾಗ ಅವಳು ಬೇರೆಯೇ ಆಗಿದ್ದಳು. ಕೂದಲಿಗೆ ಬಾಚಣಿಗೆ ತಾಗಿರಲಿಲ್ಲ. ಒಂದು ದಿನ ಓದುತ್ತಾ ಓದುತ್ತಾ ಸಾಲು ತಪ್ಪಿ, ಪುಸ್ತಕದ ಮೇಲೆ ತಲೆಯಿಟ್ಟಳು.

“ನಿದ್ದೆ ಬರ್ತಿದೆಯಾ?” ಎಂದೆ.

“ನಾನೇ ಏಳಬೇಕಲ್ಲ. ಅಲಾರಂ ಹೊಡೆಯುತ್ತೋ ಇಲ್ಲವೋ ಅಂತ ಆಗಾಗ ಎದ್ದು ನೋಡ್ತೀನಿ.”

“ಅಮ್ಮ?”

“ಅಮ್ಮ ಮಲಗಿರ್ತಾಳೆ. ಮಧ್ಯಾಹ್ನ ಹೋದಾಗಲೂ ಮಲಗಿರ್ತಾಳೆ. ಅಳ್ತಾಳೆ, ಆಮೇಲೆ ಮಲಗ್ತಾಳೆ.” ಅವಳು ತೆರೆದ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಟೀಚರ್‌ಗೆ ಹೇಳಬೇಡ. ಹೇಳಿದರೆ ನನ್ನನ್ನ ಅನಾಥಾಶ್ರಮಕ್ಕೆ ಹಾಕ್ತಾರೆ. ಮಾತು ಕೊಡು.”

ಬೆಳಗಿನ ಬಿಡುವಿಗೆ ಮಕ್ಕಳು ತರುವ ಬ್ರೆಡ್ಡಿನ ಡಬ್ಬಿಯೂ ಅವಳ ಬಳಿ ಇರಲಿಲ್ಲ ಎಂಬುದು ಆಗ ಹೊಳೆಯಿತು. ಅವಳನ್ನು ಅಲ್ಲಿಂದಲೇ ಮನೆಗೆ ಕರೆದುಕೊಂಡು ಹೋಗಿ, ಬಿಸಿ ಚಪಾತಿಗೆ ತುಪ್ಪ ಸವರಿ ತಿನ್ನಿಸಿ, ತಲೆ ಬಾಚಿ ಜಡೆ ಹಾಕಬೇಕೆನಿಸಿತು. ಮಾತು ಕೊಟ್ಟುಬಿಡುವುದು ಎಷ್ಟು ಸುಲಭವಾಗಿತ್ತು! ನನ್ನ ಹರಕು ಜರ್ಮನ್‌ನಲ್ಲಿ ಪದಗಳನ್ನು ಹುಡುಕಿ ಹುಡುಕಿ ಹೇಳಿದೆ: “ಮಾತು ಕೊಡಕ್ಕಾಗಲ್ಲ. ಟೀಚರ್‌ಗೆ ಹೇಳ್ತೀನಿ. ಬೇರೆ ಯಾರಿಗೂ ಇಲ್ಲ. ನೀನು ಒಬ್ಬಳೇ ಇಷ್ಟೆಲ್ಲ ಮಾಡಬಾರದು.”

ಅವಳು ಪುಸ್ತಕ ಮುಚ್ಚಿ, ನನ್ನ ಕಡೆ ನೋಡದೆ ಒಳಗೆ ಹೋದಳು.

ಕ್ಲಾಸ್ ಬಿಟ್ಟ ಮೇಲೆ ಟೀಚರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ತಾಯಿಗೆ ಏನಾಗಿರಬಹುದು, ತಂದೆ ಎಲ್ಲಿರಬಹುದು ಎಂದು ನನ್ನ ಊಹೆ ಶುರು ಮಾಡುತ್ತಿದ್ದಂತೆ ಅವರು ಮೆಲ್ಲಗೆ ತಡೆದರು. “ಮಗು ಹೇಳಿದ್ದಷ್ಟೇ ಹೇಳಿ. ಅವಳ ಮಾತಿನಲ್ಲೇ.” ಹೇಳಿದೆ. ಅವರು “ಇದು ಇನ್ನು ನನ್ನ ಕೆಲಸ. ನೀವು ಅವಳನ್ನು ಮತ್ತೆ ಏನೂ ಕೇಳಬೇಡಿ, ಮನೆ ಹತ್ತಿರ ಹೋಗಬೇಡಿ. ಹೇಳಿದ್ದು ಒಳ್ಳೆಯದಾಯಿತು” ಎಂದು ಕೈ ಕುಲುಕಿದರು.

ಸಂಜೆ ಗಂಡನ ಮುಂದೆ ಹೆಸರು ಹೇಳದೆ, ವಿಷಯವನ್ನೂ ಬಿಡಿಸದೆ, ಶಾಲೆಯಲ್ಲಿ ಒಂದು ಮಗುವಿಗೆ ಕಷ್ಟವಿದೆ, ಟೀಚರ್‌ಗೆ ಹೇಳಿ ಬಂದೆ ಎಂದಷ್ಟೇ ಹೇಳಿದೆ. ಅವರು ತಟ್ಟೆಯಿಂದ ತಲೆ ಎತ್ತಿದರು.

“ಯೂಗೆಂಡ್‌ಆಮ್ಟ್‌ನವರು ಬಂದ್ರೆ? ಮಕ್ಕಳ ವಿಷಯ ನೋಡ್ಕೊಳ್ಳೋ ಆ ಆಫೀಸು ಭಾಳ ಸ್ಟ್ರಿಕ್ಟ್ ಅಂತಾರೆ. ನಾವೇ ವೀಸಾ ಮೇಲಿರೋರು. ನಿಂಗ್ಯಾಕೆ ಇದೆಲ್ಲ?”

“ರೀ, ಮೈಸೂರಲ್ಲಿ ನನ್ನ ಸ್ಟೂಡೆಂಟ್ ಒಬ್ಬಳು ಹೀಗಂದಿದ್ರೆ ಸುಮ್ನಿರ್ತಿದ್ನಾ?”

“ಅಲ್ಲಿ ನೀನು ಟೀಚರ್ ಆಗಿದ್ದೆ.”

“ಇಲ್ಲಿ ಆ ಮಗು ಪಕ್ಕದಲ್ಲಿ ಕೂತಿದ್ದೋಳು ನಾನೇ ತಾನೆ?”

ನಾನು ಪಾತ್ರೆ ತೊಳೆಯುವಾಗ ಅವರು ಪಕ್ಕಕ್ಕೆ ಬಂದು ನಿಂತು ಒಂದೊಂದೇ ತಟ್ಟೆ ಒರೆಸಿಟ್ಟರು.

ಮುಂದಿನ ವಾರ ಆ ಹುಡುಗಿ ನನ್ನ ಜೊತೆ ಓದುವುದಿಲ್ಲ ಎಂದಳು. ಅದರ ಮುಂದಿನ ವಾರವೂ ಅಷ್ಟೇ. ಟೀಚರ್ ಬಲವಂತ ಮಾಡಲಿಲ್ಲ. ಬಾಗಿಲ ಮೂಲಕ ಅವಳ ಬೆನ್ನು ನನಗೆ ಕಾಣುತ್ತಿತ್ತು. ನಾನು ಮಾಡಿದ್ದರಿಂದ ಅವಳನ್ನು ತಾಯಿಯಿಂದ ಬೇರೆ ಮಾಡಿಬಿಟ್ಟರೆ ಎಂಬ ಭಯ ಬಿಡಲಿಲ್ಲ. ಕೇಳುವಂತಿರಲಿಲ್ಲ. ಟೀಚರ್ ತಾವಾಗಿ ಒಮ್ಮೆ, “ಅವಳು ಮನೆಯಲ್ಲೇ ಇದ್ದಾಳೆ, ಅಜ್ಜಿ ಬಂದಿದ್ದಾರೆ. ಇಷ್ಟೇ ನಾನು ಹೇಳಬಹುದಾದದ್ದು” ಎಂದರು. ನನಗೆ ಅಷ್ಟು ಸಾಕಾಗಿತ್ತು.

ಆ ಊರಲ್ಲಿದ್ದ ನಾಲ್ಕಾರು ಕನ್ನಡ ಮನೆಗಳವರು ಶನಿವಾರ ಸೇರುತ್ತಿದ್ದೆವು. ಅಲ್ಲೊಬ್ಬಳ ಮಗ ಅದೇ ಶಾಲೆಯಲ್ಲಿದ್ದ. ಅವಳು ಬಿಸಿಬೇಳೆಬಾತ್ ಬಡಿಸುತ್ತಾ ಕೇಳಿದಳು: “ಅಕ್ಕಾ, ನೀವು ಓದಿಸ್ತೀರಲ್ಲ ಆ ಕ್ಲಾಸಲ್ಲಿ ಒಂದು ಹುಡುಗಿ ಮನೇಲಿ ಏನೋ ಪ್ರಾಬ್ಲಂ ಅಂತಲ್ಲ? ಆಫೀಸ್‌ನೋರೆಲ್ಲ ಬಂದಿದ್ರಂತೆ?”

“ಅಲ್ಲಿ ಕೇಳಿದ್ದನ್ನ ನಾನು ಹೊರಗೆ ಮಾತಾಡಲ್ಲಮ್ಮ.”

“ಅಯ್ಯೋ, ನಮ್ಮಲ್ಲೇನಕ್ಕಾ ಸೀಕ್ರೆಟ್ಟು?”

“ನಿನ್ ಮಗನ ವಿಷಯ ಯಾರಾದ್ರೂ ಕೇಳಿದ್ರೂ ಹೀಗೇ ಹೇಳ್ತೀನಿ.”

ಅವಳ ಮುಖ ಸಣ್ಣಗಾಯಿತು. ಆ ಸಂಜೆ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ನಾವು ಹೊರಡುವಾಗ ಮಾತ್ರ, ಮಗ ಇನ್ನೂ ಅಕ್ಷರ ಕೂಡಿಸಿ ಓದುತ್ತಾನೆ, ತನಗೆ ಚಿಂತೆಯಾಗಿದೆ ಎಂದು ಮೆಟ್ಟಿಲ ಬಳಿ ಮೆಲ್ಲಗೆ ಹೇಳಿಕೊಂಡಳು.

ಹಿಮ ಕರಗಿ ಹಾದಿ ಬದಿಯಲ್ಲಿ ಹಳದಿ ಹೂ ಬಿಟ್ಟ ಹೊತ್ತಿಗೆ, ಒಂದು ಬೆಳಿಗ್ಗೆ ಆ ಹುಡುಗಿ ತಾನಾಗಿ ಬಂದು ಕುರ್ಚಿಯಲ್ಲಿ ಕೂತಳು. ಮೊದಲಿಗಿಂತ ಸ್ವಲ್ಪ ದೂರಕ್ಕೆ ಎಳೆದುಕೊಂಡು ಕೂತಳು. ನಾನೂ ಏನೂ ಕೇಳಲಿಲ್ಲ. ಒಂದು ನರಿಯ ಕಥೆಯನ್ನು ಪೂರ್ತಿ ಓದಿ, “ಮುಂದಿನ ವಾರ ಇನ್ನೊಂದು” ಎಂದು ಎದ್ದು ಹೋದಳು.

ಬೇಸಿಗೆ ರಜೆ ಹತ್ತಿರ ಬಂದಿದ್ದಾಗ ಸೂಪರ್‌ಮಾರ್ಕೆಟ್ಟಿನಲ್ಲಿ ಟೊಮೆಟೊ ಆರಿಸುತ್ತಿದ್ದೆ. ತೆಳ್ಳಗಿನ ಹೆಂಗಸೊಬ್ಬಳು ಎದುರಿಗೆ ಬಂದು ನಿಂತಳು. ಹಿಂದೆ ಅದೇ ಹುಡುಗಿ ಗಾಡಿ ಹಿಡಿದಿದ್ದಳು.

“ನೀವು ಓದಿಸುವ ಅಮ್ಮ ಅಲ್ಲವಾ? ಇವಳು ತೋರಿಸಿದಳು.”

ಹೌದೆಂದೆ. ಕೈಯಲ್ಲಿದ್ದ ಟೊಮೆಟೊ ಕೆಳಗಿಡಲೂ ತೋಚಲಿಲ್ಲ.

“ಇಡೀ ಚಳಿಗಾಲ ನಿಮ್ಮ ಮೇಲೆ ಸಿಟ್ಟಿತ್ತು. ಯಾರೋ ಹೊರಗಿನವರು ನನ್ನ ಮನೆಯೊಳಗೆ ಇಣುಕಿದ ಹಾಗೆ. ಸುಳ್ಳು ಯಾಕೆ, ಈಗಲೂ ಸ್ವಲ್ಪ ಇದೆ.” ಅವಳು ನಿಂತು ಉಸಿರೆಳೆದುಕೊಂಡಳು. “ನನಗೆ ಹುಷಾರಿರಲಿಲ್ಲ. ನಾನೇ ಹೇಳಬೇಕಿತ್ತು, ಆಗಲಿಲ್ಲ. ಈಗ ಔಷಧಿ ತಗೊಳ್ತಿದ್ದೀನಿ. ಬೆಳಿಗ್ಗೆ ಏಳ್ತೀನಿ.”

“ಇವಳು ತುಂಬ ಚೆನ್ನಾಗಿ ಓದ್ತಾಳೆ” ಎಂದೆ. ಅದಕ್ಕಿಂತ ಒಳ್ಳೆಯ ವಾಕ್ಯ ನನ್ನ ಜರ್ಮನ್‌ನಲ್ಲಿರಲಿಲ್ಲ.

ಅವಳ ಮುಖದಲ್ಲಿ ಸಣ್ಣ ನಗು ಬಂತು. ಮುಂದಿನ ವಾರ ಭಾನುವಾರ ನಿಮ್ಮ ಮಗಳನ್ನು ಕರೆದುಕೊಂಡು ಕಾಫಿಗೆ ಬನ್ನಿ ಎಂದಳು. ಸೋಮವಾರ ಹೇಳುತ್ತೇನೆಂದು ಬಂದು, ಮನೆ ಹತ್ತಿರ ಹೋಗಬೇಡಿ ಎಂದಿದ್ದ ಟೀಚರನ್ನು ಮೊದಲು ಕೇಳಿದೆ. ಅವರು ಗಟ್ಟಿಯಾಗಿ ನಕ್ಕರು. “ತಾಯಿಯೇ ಕರೆದಿದ್ದಾರಲ್ಲ! ಇದಕ್ಕೂ ನನ್ನ ಒಪ್ಪಿಗೆಯೇ? ಹೋಗಿ ಬನ್ನಿ.”

ಆ ಭಾನುವಾರ ಹೋದೆವು. ಹೆಣ್ಣುಮಕ್ಕಳಿಬ್ಬರೂ ಬಾಲ್ಕನಿಯಲ್ಲಿ ಜರ್ಮನ್‌ನಲ್ಲಿ ಜಗಳವಾಡುತ್ತಾ ಆಡಿದರು. ಅಜ್ಜಿ ಸೇಬಿನ ಕೇಕ್ ಕತ್ತರಿಸಿದರು. ಒಂದು ಗಂಟೆ ಕಳೆಯುವ ಹೊತ್ತಿಗೆ ಆ ತಾಯಿ ಕಪ್ಪು ಕೆಳಗಿಟ್ಟು, “ನನಗೆ ಸುಸ್ತಾಯಿತು, ಬೇಜಾರು ಮಾಡಿಕೊಳ್ಳಬೇಡಿ” ಎಂದಳು. ಬೇಜಾರೇನೂ ಇರಲಿಲ್ಲ. ಸುಸ್ತಾಗಿದೆ ಎಂದು ಅವಳು ಬಾಯಿಬಿಟ್ಟು ಹೇಳಿದ್ದೇ ನನಗೆ ಸಮಾಧಾನವಾಯಿತು. ಮಗಳಿಗೆ ಚಪ್ಪಲಿ ಹಾಕಿಸಿಕೊಂಡು ನದಿಯ ದಂಡೆಯ ದಾರಿಯಲ್ಲಿ ಮನೆಗೆ ನಡೆದೆ.